ಮಾರನೆಯ ದಿನದ ಏಟು

ನನ್ನ ಗಂಡನನ್ನು ನೋಡಲು ಬಂದವರೆಲ್ಲ ತಪ್ಪು ದಿನ ಬಂದವರು. ಅವನು ದಿಂಬಿಗೊರಗಿ ಕೂತ ದಿನ ಬರುತ್ತಾರೆ, ಎರಡು ಮಾತಾಡಿಸುತ್ತಾರೆ, ನಗಿಸುತ್ತಾರೆ, "ಪರವಾಗಿಲ್ಲ, ಮುಖದಲ್ಲಿ ಕಳೆ ಇದೆ" ಎಂದು ನನ್ನ ಬೆನ್ನು ತಟ್ಟಿ ಹೋಗುತ್ತಾರೆ. ಆ ನಗುವಿಗೆ ಅವನು ಮಾರನೆಯ ದಿನ ಏನು ತೆತ್ತ ಎಂದು ನೋಡಲು ಒಬ್ಬನೂ ಉಳಿಯುವುದಿಲ್ಲ. ಅವರು ಹೋದ ಮೇಲೆ ನಾನು ಬಾಗಿಲು ಹಾಕಿ, ಕಿಟಕಿಗೆ ಕಂಬಳಿ ಬಿಗಿದು, ಅವರ ವಂಶವನ್ನೆಲ್ಲ ಜಾಲಾಡಿ ಬೈಯುತ್ತೇನೆ. ಮೆಲ್ಲಗೆ ಬೈಯುತ್ತೇನೆ. ಜೋರಾಗಿ ಬೈದರೆ ಅದೂ ಅವನಿಗೇ ತಗಲುತ್ತದೆ.

ಕೋಪ ನನಗೆ ಮೂಗಿನ ತುದಿಯಲ್ಲೇ ಇರುತ್ತದೆ. ನಾನು ಕಟ್ಟಡ ಒಡೆಯುವ ಕೆಲಸದವಳು. ಹಳೆಯ ಗೋದಾಮು, ಮುಚ್ಚಿಹೋದ ಸಿನಿಮಾ ಮಂದಿರ, ಬಿರುಕು ಬಿಟ್ಟ ನೀರಿನ ಟ್ಯಾಂಕು, ಹೀಗೆ ದೊಡ್ಡ ಯಂತ್ರ ನುಗ್ಗಲಾಗದ ಕಡೆ ನಮ್ಮ ತಂಡ ನುಗ್ಗುತ್ತದೆ. ಹಾರೆ, ಡ್ರಿಲ್ಲು, ದೊಡ್ಡ ಸುತ್ತಿಗೆ. ತಂಡದವರು ನನ್ನನ್ನು ಸುತ್ತಿಗೆ ಎಂದೇ ಕರೆಯುತ್ತಾರೆ. ಮನೆಯಲ್ಲಿ ಗಂಡನೂ ಹಾಗೇ ಕರೆಯುತ್ತಾನೆ, ಕರೆಯುವಷ್ಟು ಶಕ್ತಿ ಇದ್ದ ದಿನ.

ಅವನು ಬಾಕ್ಸರ್ ಆಗಿದ್ದ. ಅವನಿಗೆ ಕಲಿಸಿದವನು ಅವನ ಸ್ವಂತ ಅಣ್ಣ, ಅಂದರೆ ನನ್ನ ಭಾವ. ಎರಡು ಬೀದಿ ಆಚೆ, ಟೈರ್ ಅಂಗಡಿಯ ಮೇಲೆ ಭಾವನ ಜಿಮ್ ಇದೆ. ಊರಿಗೆಲ್ಲ ಅವನು ಮಾಸ್ಟರ್. ಕೆಳಗೆ ಬಿದ್ದವನನ್ನು ಕೂಗಿ ಕೂಗಿ ಎಬ್ಬಿಸುವುದರಲ್ಲಿ ಅವನದು ಎತ್ತಿದ ಕೈ. ಹಗ್ಗದಾಚೆ ನಿಂತು ನೆಲ ಗುದ್ದುತ್ತಾ "ಏಳೋ, ಏಳೋ" ಎಂದು ಅವನು ಅರಚಿದರೆ ಸತ್ತವನೂ ಒಂದು ಸಲ ಎದ್ದು ನೋಡಿಯಾನು. ಹಾಗೆ ಎದ್ದು ಗೆದ್ದವರ ಫೋಟೋಗಳು ಜಿಮ್ಮಿನ ಗೋಡೆ ತುಂಬ ಇವೆ. ಏಳದೆ ಹೋದವರ ಫೋಟೋ ಯಾರು ಹಾಕುತ್ತಾರೆ?

ಒಂದು ವರ್ಷ ಊರಿಗೆಲ್ಲ ಕೆಟ್ಟ ಜ್ವರ ಬಂತು, ಅವನಿಗೂ ಬಂತು. ಪೂರ್ತಿ ಇಳಿಯುವ ಮೊದಲೇ ಭಾವ ಅವನನ್ನು ಪಂದ್ಯಕ್ಕೆ ಇಳಿಸಿದ. ಅವನು ಸೋತಿದ್ದರೆ ಈ ಕಥೆ ಹೇಳುವುದು ಸುಲಭವಾಗುತ್ತಿತ್ತು. ಅವನು ಗೆದ್ದ. ಎದುರಾಳಿಯ ದವಡೆ ಮುರಿದು ಗೆದ್ದ. ಎರಡು ದಿನ ಬಿಟ್ಟು ಹಾಸಿಗೆಯಲ್ಲಿ ಮಗ್ಗುಲು ಬದಲಿಸಲು ನನ್ನನ್ನು ಕರೆದ. ಆಮೇಲೆ ಅವನು ಪೂರ್ತಿ ಎದ್ದದ್ದೇ ಇಲ್ಲ.

ಈ ಕಾಯಿಲೆಗೆ ಇಟ್ಟಿರುವ ಹೆಸರು ಕೇಳಿದರೆ ಆಕಳಿಕೆ ಬರುತ್ತದೆ. ಕ್ರಾನಿಕ್ ಫಟೀಗ್ ಸಿಂಡ್ರೋಮ್. ಬಹುಕಾಲದ ದಣಿವು. "ಅಯ್ಯೋ, ನಂಗೂ ಯಾವಾಗ್ಲೂ ಸುಸ್ತು ಕಣಮ್ಮ" ಎಂದು ಹೇಳದ ಮನುಷ್ಯ ನನಗೆ ಇನ್ನೂ ಸಿಕ್ಕಿಲ್ಲ. ಸಿಕ್ಕಿದರೆ ಕಾಲಿಗೆ ಬೀಳುತ್ತೇನೆ. ಇದು ದಣಿವಲ್ಲ, ಹೊಡೆತ. ಬಾಕ್ಸಿಂಗ್‌ನಲ್ಲಿ ಏಟು ಬಿದ್ದ ಕ್ಷಣವೇ ನೋವು ಗೊತ್ತಾಗುತ್ತದೆ, ಹೊಡೆದವನೂ ಎದುರಿಗೇ ಇರುತ್ತಾನೆ. ಇದರಲ್ಲಿ ಏಟು ಇವತ್ತು, ನೋವು ನಾಳೆ. ಕೆಲವು ಸಲ ನಾಡಿದ್ದು. ನೋವು ಬರುವ ಹೊತ್ತಿಗೆ ಹೊಡೆದವರು ತಮ್ಮ ಮನೆಯಲ್ಲಿ ಊಟ ಮಾಡಿ ಮಲಗಿರುತ್ತಾರೆ.

ಮೊದಲು ಇದರ ಸಂಶೋಧನೆಯನ್ನೆಲ್ಲ ಅವನೇ ಓದುತ್ತಿದ್ದ. ಫೋನಿನ ಬೆಳಕು ಕಣ್ಣಿಗೆ ಚುಚ್ಚತೊಡಗಿದ ಮೇಲೆ ಆ ಕೆಲಸ ನನ್ನ ಪಾಲಿಗೆ ಬಂತು. ಊಟದ ಬಿಡುವಿನಲ್ಲಿ ಇಟ್ಟಿಗೆ ರಾಶಿಯ ಮೇಲೆ ಕೂತು ಓದುತ್ತೇನೆ. ಅರ್ಧ ತಲೆಗೆ ಹತ್ತುವುದಿಲ್ಲ. ಹತ್ತಿದ್ದನ್ನು ಹಿಂಡಿ, ಸಂಜೆ ಅವನ ಕಿವಿಯ ಹತ್ತಿರ ಒಂದೇ ಒಂದು ಸುದ್ದಿ ಹೇಳುತ್ತೇನೆ. ಅದಕ್ಕಿಂತ ಹೆಚ್ಚು ಅವನು ತಡೆಯಲಾರ.

"ನಿನ್ನಂಥವರ ಕೈಲಿ ಎರಡು ದಿನ ಸೈಕಲ್ ತುಳಿಸಿ ನೋಡಿದ್ರಂತೆ," ಎಂದೆ ಒಂದು ಸಂಜೆ. "ಮೊದಲನೇ ದಿನ ಹೇಗೋ ತುಳಿದ್ರಂತೆ. ಎರಡನೇ ದಿನ ಅಷ್ಟು ಆಗ್ಲೇ ಇಲ್ವಂತೆ."

ಅವನು ಕಣ್ಣು ಮುಚ್ಚಿಕೊಂಡೇ ನಕ್ಕ. "ಎರಡನೇ ದಿನ ನೋಡೋಕೂ ಯಾರೋ ಇದ್ರಲ್ಲ," ಎಂದ.

ಇನ್ನೊಂದು ಸಂಜೆ, ಸೋಂಕಿನ ನಂತರ ಹೀಗೇ ಬಿದ್ದವರಿಗೆ ವ್ಯಾಯಾಮ ಮಾಡಿಸಿ, ತೊಡೆಯ ಸ್ನಾಯುವಿನ ಚೂರು ತೆಗೆದು ನೋಡಿದ ಸುದ್ದಿ ಹೇಳಿದೆ. ಸ್ನಾಯುವಿನಲ್ಲಿ ಹಾನಿ ಕಂಡಿತ್ತಂತೆ. "ಅಣ್ಣಂಗೆ ಹೇಳು," ಎಂದ ಅವನು. ಹೇಳಿದೆ. ಭಾವ ಅದನ್ನು ಕಿವಿಗೇ ಹಾಕಿಕೊಳ್ಳಲಿಲ್ಲ. ಅವನು ನೆಚ್ಚಿಕೊಂಡಿದ್ದು ಒಂದು ಹಳೆಯ ದೊಡ್ಡ ಅಧ್ಯಯನವನ್ನು. ದಿನಕ್ಕಿಷ್ಟು ಎಂದು ವ್ಯಾಯಾಮ ಹೆಚ್ಚಿಸುತ್ತಾ ಹೋದರೆ ಈ ಕಾಯಿಲೆ ವಾಸಿಯಾಗುತ್ತದೆ ಎಂದು ಅದರಲ್ಲಿತ್ತು. ಆಮೇಲೆ ರೋಗಿಗಳು ಪಟ್ಟು ಹಿಡಿದು ಅದರ ಅಂಕಿಅಂಶ ಹೊರಗೆ ತರಿಸಿದ್ದು, ಬೇರೆಯವರು ಮತ್ತೆ ಕೂಡಿ ಕಳೆದು ನೋಡಿದಾಗ ಹೇಳಿದಷ್ಟು ಗುಣ ಅಲ್ಲಿ ಇಲ್ಲದೆ ಹೋದದ್ದು, ಆ ಸಲಹೆಯನ್ನೇ ಕೆಲವು ಕಡೆ ಕೈಬಿಟ್ಟದ್ದು, ಯಾವುದೂ ಅವನಿಗೆ ಬೇಡ.

"ನೀನು ಅವನನ್ನ ಗಾಜಿನ ಲೋಟ ಮಾಡಿಟ್ಟಿದ್ದೀಯ," ಎನ್ನುತ್ತಿದ್ದ. "ನನ್ನ ಕೈಗೆ ಒಂದು ತಿಂಗಳು ಕೊಡು, ಓಡಿಸ್ತೀನಿ."

"ನಿಮ್ಮ ಕೈಗೆ ಕೊಟ್ಟಿದ್ದಕ್ಕೇ ಭಾವ, ಹೀಗೆ ಮಲಗಿರೋದು," ಎನ್ನುತ್ತಿದ್ದೆ ನಾನು. ಅಲ್ಲಿಗೆ ಅವನ ಮುಖ ಕೆಂಪಾಗುತ್ತಿತ್ತು. ಅತ್ತೆ ನಡುವೆ ಬಂದು ಮಾತು ಬೇರೆ ಕಡೆ ತಿರುಗಿಸುತ್ತಿದ್ದರು. ಅತ್ತೆ ನಮ್ಮ ಜೊತೆಗೇ ಇರುತ್ತಾರೆ. ನಾನು ಕೆಲಸಕ್ಕೆ ಹೋದಾಗ ನನ್ನ ಗಂಡನನ್ನು ನೋಡಿಕೊಳ್ಳುವವರು ಅವರೇ.

ಹಿಂದಿನ ವರ್ಷ ಅವನು ಎಷ್ಟು ಕೆಳಗೆ ಹೋಗಿದ್ದನೆಂದರೆ ನೀರು ನುಂಗುವುದೂ ನಿಂತುಹೋಗಿತ್ತು. ಆಸ್ಪತ್ರೆಯಲ್ಲಿ ಮೂಗಿಗೆ ನಳಿಗೆ ಹಾಕಿದರು. ಮಾತು ಪೂರ್ತಿ ಹೋಗಿತ್ತು. ಅಲ್ಲಿಂದ ಇಂಚಿಂಚಾಗಿ ವಾಪಸ್ ಬಂದ. ಮೊದಲು ಚಮಚದಲ್ಲಿ ಹಾಲು, ಆಮೇಲೆ ಮೆತ್ತಗಿನ ಊಟ, ಲೋಟ ತಾನೇ ಹಿಡಿಯುವುದು, ಕೊನೆಗೆ ಪಿಸುಮಾತು. "ಇನ್ನೊಂದು ಸಲ ಹೀಗೆ ಬಿದ್ರೆ ಇಷ್ಟೂ ವಾಪಸ್ ಬರುತ್ತೆ ಅಂತ ನಾನು ಹೇಳಲಾರೆ," ಎಂದಿದ್ದರು ಡಾಕ್ಟರು. ಆ ಪಿಸುಮಾತಿಗಾಗಿ ನಾನು ಒಂದು ವರ್ಷ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದಿದ್ದೇನೆ. ಅದನ್ನು ಮುಟ್ಟಲು ಬಂದವರನ್ನು ನಾನು ಸುಮ್ಮನೆ ಬಿಡುತ್ತೇನೆಯೇ?

ಆವತ್ತು ಸಿನಿಮಾ ಮಂದಿರದ ಬಾಲ್ಕನಿ ಕೆಡವುತ್ತಿದ್ದೆವು. ಮಧ್ಯಾಹ್ನದ ಹೊತ್ತಿಗೆ ಡ್ರಿಲ್ಲು ಸುಟ್ಟು ಹೋಯಿತು, ಮೇಸ್ತ್ರಿ ಎಲ್ಲರನ್ನೂ ಕಳಿಸಿದ. ಮನೆಗೆ ಬಂದರೆ ಬಾಗಿಲು ಹಾರು ಹೊಡೆದಿತ್ತು. ಕಿಟಕಿಯ ಕಂಬಳಿ ಕೆಳಗೆ ಬಿದ್ದಿತ್ತು. ಹಾಸಿಗೆ ಖಾಲಿ. ಅತ್ತೆ ಹಾಸಿಗೆಯ ತುದಿಯಲ್ಲಿ ಕೂತು ಸೆರಗಿನಲ್ಲಿ ಕಣ್ಣು ಒರೆಸಿಕೊಳ್ಳುತ್ತಿದ್ದರು.

"ನಡೆದ ಕಣೇ," ಎಂದರು. "ಮೆಟ್ಟಿಲು ತಾನೇ ಇಳಿದ. ಅಣ್ಣನ ಹೆಗಲು ಹಿಡ್ಕೊಂಡು ಇಳಿದ. ನನ್ನ ಮಗ ನಡೆದ."

ಹೇಗೆ ಓಡಿದೆನೋ ಗೊತ್ತಿಲ್ಲ. ಜಿಮ್ಮಿನ ಮೆಟ್ಟಿಲು ಹತ್ತುವಾಗಲೇ ಚಪ್ಪಾಳೆ ಕೇಳಿಸಿತು. ಟ್ಯೂಬ್‌ಲೈಟುಗಳ ಕೆಳಗೆ, ರಿಂಗಿನ ನಡುವೆ, ನನ್ನ ಗಂಡ ನಿಂತಿದ್ದ. ಕೈಗೆ ಗ್ಲೌಸ್. ಪೈಜಾಮ ಸೊಂಟದಿಂದ ಜಾರುತ್ತಿತ್ತು. ಭಾವ ಎದುರಿಗೆ ಪ್ಯಾಡ್ ಹಿಡಿದು "ಹೊಡಿ! ಇನ್ನೊಂದು! ಎಡಗೈ!" ಎಂದು ಕೂಗುತ್ತಿದ್ದ. ಅವನು ಹೊಡೆಯುತ್ತಿದ್ದ. ಪ್ಯಾಡಿಗೆ ಫಟ್ ಫಟ್ ಎಂದು ಬೀಳುತ್ತಿತ್ತು. ಸುತ್ತ ಹುಡುಗರು ಫೋನ್ ಎತ್ತಿ ಹಿಡಿದಿದ್ದರು. ಅವನ ಮುಖದಲ್ಲಿ ನಗುವಿತ್ತು. ನಾನು ಮೊದಲ ಸಲ ನೋಡಿ ಮರುಳಾದ ನಗು.

ಬಾಗಿಲಲ್ಲೇ ನಿಂತುಬಿಟ್ಟೆ. ಒಂದು ಕ್ಷಣ, ಒಂದೇ ಕ್ಷಣ, ಭಾವನದೇ ಸರಿಯೇನೋ ಅನ್ನಿಸಿತು. ಎಷ್ಟು ಚೆನ್ನಾಗಿ ನಿಂತಿದ್ದಾನೆ ನನ್ನ ಗಂಡ! ಆಮೇಲೆ ಅವನ ಕಣಕಾಲು ಅದುರುವುದು ಕಂಡಿತು. ನಾನು ನುಗ್ಗಿದೆ.

ಅಡ್ಡ ಬಂದ ಹುಡುಗನೊಬ್ಬನ ಮೂಗಿಗೆ ನನ್ನ ಹಣೆ ಬಡಿಯಿತು, ಅವನು ಬೆಂಚಿನ ಮೇಲೆ ಕುಸಿದ. ಹಗ್ಗ ದಾಟಿ ಭಾವನ ಪ್ಯಾಡ್ ಕಿತ್ತು ಎಸೆದೆ. ಅವನು ನನ್ನನ್ನು ದೂಡಿದ. ನಾನು ಮೊಣಕೈಯಿಂದ ಅವನ ಬಾಯಿಗೆ ಕೊಟ್ಟೆ. ತುಟಿ ಸೀಳಿ ರಕ್ತ ಬಿಳಿ ಬನಿಯನ್ನಿನ ಮೇಲೆ ಇಳಿಯಿತು. ರಕ್ತ ಒರೆಸಿಕೊಂಡು ಅವನು ನಕ್ಕ. ಅಷ್ಟು ಖುಷಿಯಲ್ಲಿದ್ದ.

"ಹೊಡೀಯಮ್ಮ, ಇನ್ನೊಂದು ಹೊಡಿ," ಎಂದ. "ನನ್ನ ತಮ್ಮ ಎದ್ದ. ಇವತ್ತು ನಂಗೆ ಯಾವ ಏಟೂ ತಾಗಲ್ಲ."

"ಬೇಡ, ಸುತ್ತಿಗೆ," ಎಂದ ನನ್ನ ಗಂಡ. ಪಿಸುಮಾತಿನಲ್ಲಲ್ಲ, ನಿಜವಾದ ದನಿಯಲ್ಲಿ. "ಇನ್ನೊಂದೇ ರೌಂಡು. ಆಮೇಲೆ ಬರ್ತೀನಿ."

ನನಗೆ ಅವನ ಮೇಲೆಯೇ ಸಿಟ್ಟು ಬಂತು. ನಾನು ವರ್ಷವೆಲ್ಲ ಕೂಡಿಟ್ಟದ್ದನ್ನು ಅವನು ಒಂದು ಮಧ್ಯಾಹ್ನದಲ್ಲಿ ದುಂದು ಮಾಡುತ್ತಿದ್ದ. ಹಲ್ಲು ಕಚ್ಚಿಕೊಂಡು ಅವನ ಗ್ಲೌಸಿನ ದಾರ ಬಿಚ್ಚಿದೆ. ಜಿಮ್ಮಿನ ವ್ಯಾನಿನಲ್ಲಿ ಮನೆಗೆ ತಂದೆವು. ಎತ್ತಿಕೊಳ್ಳುತ್ತೇನೆಂದರೆ ಬೇಡವೆಂದ, ಎರಡು ಮಹಡಿ ನಡೆದೇ ಹತ್ತಿದ. ಹಾಸಿಗೆಗೆ ಒರಗಿದ ಕೂಡಲೇ ಕಣ್ಣು ಮುಚ್ಚಿದ. ಕಂಬಳಿ ಮತ್ತೆ ಕಿಟಕಿಗೆ ಬಿಗಿದು ಹೊರಗೆ ಬಂದರೆ, ಮುಂದಿನ ಕೋಣೆಯಲ್ಲಿ ಭಾವ ಅತ್ತೆಗೆ ಫೋನಿನಲ್ಲಿ ವಿಡಿಯೋ ತೋರಿಸುತ್ತಿದ್ದ.

"ನಾಳೆ ಏನಾಗುತ್ತೆ ಅಂತ ಗೊತ್ತಾ ನಿಮ್ಗೆ?" ಎಂದೆ.

"ನಾಳೆ ಬೆಳಿಗ್ಗೆ ಹುಡುಗರನ್ನ ಟೂರ್ನಮೆಂಟಿಗೆ ಕರ್ಕೊಂಡು ಹೋಗ್ತಿದ್ದೀನಿ. ವಾರ ಬಿಟ್ಟು ಬರ್ತೀನಿ. ಬಂದ್ಮೇಲೆ ದಿನಾ ಎರಡು ರೌಂಡು," ಎಂದ. ಎದ್ದು ಶೂ ಹಾಕಿಕೊಳ್ಳತೊಡಗಿದ.

ಅವನು ಯಾವಾಗಲೂ ಹೀಗೇ. ಪ್ರತಿ ಸಲವೂ ಏನೋ ಮಾಡಿಸಿ ಹೋಗಿಬಿಡುತ್ತಿದ್ದ, ವಾರ ಬಿಟ್ಟು ಬಂದು ಹಾಸಿಗೆ ನೋಡಿ "ಮತ್ತೆ ಮಲಗಿಸಿದ್ಯಾ ಅವನನ್ನ" ಎಂದು ನನ್ನನ್ನೇ ಬೈಯುತ್ತಿದ್ದ. ಈ ಸಲ ನೀನು ಹೋಗುವುದಿಲ್ಲ ಮಾಸ್ಟರ್ ಎಂದುಕೊಂಡೆ. ಈ ಸಲ ನೀನು ಕೂತು ನೋಡುತ್ತೀಯ.

ಬಾಗಿಲ ಮೂಲೆಯಲ್ಲಿ ದೊಡ್ಡ ಸುತ್ತಿಗೆಯ ಹೊಸ ಕಾವು ಇತ್ತು. ಇನ್ನೂ ತಲೆ ಸೇರಿಸಿರಲಿಲ್ಲ. ಬರೀ ಮರ. ಅವನು ಬಾಗಿಲ ಕಡೆ ತಿರುಗುತ್ತಿದ್ದಂತೆ ಅದನ್ನು ಎತ್ತಿ ಅವನ ಮೊಣಕಾಲಿಗೆ ಪಕ್ಕದಿಂದ ಬೀಸಿದೆ. ಗೋಡೆಯಲ್ಲಿ ಎಲ್ಲಿ ಹೊಡೆದರೆ ಮಿಕ್ಕದ್ದು ತಾನೇ ಬರುತ್ತದೆ ಎನ್ನುವುದು ನನ್ನ ಕೈಗೆ ಅಭ್ಯಾಸ. ಒಳಗೆ ಏನೋ ಲಟ್ ಎಂದಿತು. ಅವನು ಚಪ್ಪಲಿ ರಾಶಿಯ ಮೇಲೆ ಬಿದ್ದ.

ಬಿದ್ದವನು ಸುಮ್ಮನಿರಲಿಲ್ಲ. ನನ್ನ ಪಾದ ಹಿಡಿದು ಎಳೆದ. ನನ್ನ ಗಲ್ಲ ನೆಲಕ್ಕೆ ಅಪ್ಪಳಿಸಿ, ಹಲ್ಲೊಂದು ಅರ್ಧ ಮುರಿದು ನಾಲಿಗೆಯ ಮೇಲೆ ಬಂತು. ಅವನ ಮುಷ್ಟಿ ನನ್ನ ಪಕ್ಕೆಗೆ ಇಳಿಯಿತು. ಇನ್ನೊಂದು ಗುದ್ದು ಎಡ ಮಣಿಕಟ್ಟಿಗೆ, ಹೊಸ್ತಿಲಿಗೆ ಸೇರಿಸಿ. ಮಣಿಕಟ್ಟು ಹೋಯಿತೆಂದು ಆ ಕ್ಷಣವೇ ಗೊತ್ತಾಯಿತು. ಕಿರುಚುವಷ್ಟು ನೋವು. ಕಿರುಚಲಿಲ್ಲ. ಗೋಡೆಯಾಚೆ ನನ್ನ ಗಂಡ ಮಲಗಿದ್ದ. ಆದರೆ ಭಾವ "ಅಮ್ಮಾ! ಕೊಲ್ತಾಳೆ!" ಎಂದು ಅರಚಿದ. ಒಳಗಿನ ಕೋಣೆಯಿಂದ ನರಳಿಕೆ ಕೇಳಿತು. ನಾನು ಭಾವನ ಎದೆಯ ಮೇಲೆ ಕೂತು, ಅವನ ಜೇಬಿನಿಂದಲೇ ಬಾಕ್ಸರುಗಳು ಕೈಗೆ ಸುತ್ತುವ ಪಟ್ಟಿ ಎಳೆದು ಅವನ ಬಾಯಿಗೆ ತುರುಕಿದೆ.

"ಕೂಗ್ಬೇಡಿ ಭಾವ," ಎಂದು ಅವನ ಕಿವಿಯಲ್ಲಿ ಪಿಸುಗುಟ್ಟಿದೆ. ನನ್ನ ಬಾಯಿಯ ರಕ್ತ ಅವನ ಕಿವಿಗೆ ತೊಟ್ಟಿಕ್ಕಿತು. "ಹೊಡೀರಿ ಬೇಕಾದ್ರೆ. ಕೂಗ್ಬೇಡಿ."

ಆಮೇಲೆ ನಡೆದದ್ದನ್ನು ಹೊರಗಿನಿಂದ ನೋಡಿದವರು ನಕ್ಕುಬಿಡುತ್ತಿದ್ದರೇನೋ. ಇಬ್ಬರು ದೊಡ್ಡವರು ಬಾಯಿ ಬಿಡದೆ ನೆಲದ ಮೇಲೆ ಉರುಳಾಡಿ ಒಬ್ಬರನ್ನೊಬ್ಬರು ಸೀಳುತ್ತಿದ್ದೆವು. ಕೊನೆಗೆ ಅವನ ಮುರಿದ ಮೊಣಕಾಲನ್ನು ನಾನು ತುಳಿದೆ, ಅವನು ಬಿಳುಚಿಕೊಂಡು ಸುಮ್ಮನಾದ. ಕೆಲಸದ ಜಾಗದ ಸರಪಳಿ ತಂದು ಬಾಗಿಲಿಗೆ ಬಿಗಿದು ಬೀಗ ಹಾಕಿದೆ. ಅವನ ಫೋನನ್ನು ಬಕೆಟ್ಟಿನ ನೀರಿಗೆ ಬಿಟ್ಟೆ.

"ನಾಳೆ, ನಾಡಿದ್ದು ನೀವು ಇಲ್ಲೇ," ಎಂದೆ. "ನೋಡ್ಕೊಂಡು ಹೋಗಿ."

ಅವನು ತೆವಳಿ ಬಾಗಿಲ ಹತ್ತಿರ ಹೋಗಿ ಅದನ್ನು ಗುದ್ದತೊಡಗಿದ. ಒಂದೊಂದು ಗುದ್ದಿಗೂ ಮನೆ ಅದುರುತ್ತಿತ್ತು. ಅತ್ತೆ ಅಷ್ಟು ಹೊತ್ತೂ ಗೋಡೆಗೆ ಅಂಟಿಕೊಂಡು ನಿಂತಿದ್ದರು. ಈಗ ಬಂದು ಅವನ ಪಕ್ಕ ಕೂತು, ಆ ಮುಷ್ಟಿಯನ್ನು ಎರಡೂ ಕೈಯಲ್ಲಿ ಹಿಡಿದು ತಮ್ಮ ಎದೆಗೆ ಒತ್ತಿಕೊಂಡರು.

"ಇಲ್ಲಿ ಹೊಡಿ," ಎಂದರು. "ಸದ್ದು ಬರಲ್ಲ."

ಅವನ ಕೈ ನಿಂತಿತು. ಅತ್ತೆ ನನ್ನ ಕಡೆ ತಿರುಗಿದರು. "ನಂಗೂ ಗೊತ್ತಿತ್ತು ಕಣೇ, ನಾಳೆ ಏನಾಗುತ್ತೆ ಅಂತ," ಎಂದರು. "ನಾನೂ ಎಷ್ಟು ಸಲ ನೋಡಿಲ್ಲ? ಆದ್ರೂ ಬಾಗಿಲು ತೆಗೆದೆ. ನಿಂತಿದ್ದನ್ನ ಒಂದ್ಸಲ ನೋಡ್ಬೇಕು ಅನ್ನಿಸ್ತು."

ಆ ರಾತ್ರಿ ಭಾವ ಅಲ್ಲೇ ನೆಲದ ಮೇಲೆ, ಕಾಲಿಗೆ ಒದ್ದೆ ಬಟ್ಟೆ ಸುತ್ತಿಕೊಂಡು ಬಿದ್ದುಕೊಂಡ. ನಾನು ಮಣಿಕಟ್ಟಿಗೆ ಪಟ್ಟಿ ಬಿಗಿದು ಬಾಗಿಲಿಗೆ ಒರಗಿ ಕೂತೆ.

ಬೆಳಿಗ್ಗೆ ನನ್ನ ಗಂಡ ಚೆನ್ನಾಗಿದ್ದ. ಲೋಟ ತಾನೇ ಹಿಡಿದು ಹಾಲು ಕುಡಿದ. ನನ್ನ ಊದಿದ ಬಾಯಿ ನೋಡಿ "ಏನಾಯ್ತು?" ಎಂದ. "ರಾತ್ರಿ ಮೆಟ್ಟಿಲಲ್ಲಿ ಜಾರಿ ಬಿದ್ದೆ," ಎಂದೆ. "ನಿನ್ನೆ ಚೆನ್ನಾಗಿತ್ತು," ಎಂದ ಅವನು, ಮೆಲ್ಲಗೆ, ತಪ್ಪು ಒಪ್ಪಿಕೊಳ್ಳುವವನ ಹಾಗೆ. "ಎಡಗೈ ಇನ್ನೂ ಇದೆ ಕಣೇ."

ಹೊರಗೆ ಬಂದರೆ ಭಾವ ಗೋಡೆಗೊರಗಿ ಕೂತು ಕೇಳಿಸಿಕೊಂಡಿದ್ದ. ಮುಖದಲ್ಲಿ ಗೆಲುವು ಕುಣಿಯುತ್ತಿತ್ತು. "ನಾಳೆ ನಾಳೆ ಅಂದ್ಯಲ್ಲ. ನಾಳೆ ಬಂತು. ಏನಾಯ್ತು?" ಎಂದ. "ನನ್ನ ಕಾಲು ಮುರಿದ್ಯಲ್ಲೇ, ರಾಕ್ಷಸಿ. ಯಾತಕ್ಕೆ? ಹಾಲು ಕುಡೀತಿದ್ದಾನೆ ಅವನು!"

ನಿಜ ಹೇಳಬೇಕೆಂದರೆ, ನಾನೇ ಸೋಲುವಂತಾಗಲಿ ಎಂದು ಆ ಬೆಳಿಗ್ಗೆಯೆಲ್ಲ ಬೇಡಿಕೊಂಡೆ. ಭಾವನೇ ಗೆಲ್ಲಲಿ, ನನ್ನನ್ನು ಜೈಲಿಗೆ ಹಾಕಿಸಲಿ, ಓದಿದ್ದೆಲ್ಲ ಸುಳ್ಳಾಗಲಿ, ಇವನು ದಿನಾ ಎರಡು ರೌಂಡು ಆಡಲಿ. ಅಷ್ಟು ಆಸೆಪಟ್ಟೆ.

ಮಧ್ಯಾಹ್ನ ದಾಟುತ್ತಿದ್ದಂತೆ ಅದು ಬಂತು. ಮೊದಲು ಲೋಟ ಕೈಯಿಂದ ಜಾರಿತು. ತೆಗೆದುಕೊಡಲು ಬಾಗಿದರೆ ಅವನ ಬೆರಳುಗಳು ಹಾಗೇ ಬಿಡಿಸಿಕೊಂಡು ನಿಂತಿದ್ದವು, ಮಡಚಲು ಆಗುತ್ತಿರಲಿಲ್ಲ. ಆಮೇಲೆ ಕಾಲುಗಳು ಅದುರತೊಡಗಿದವು. ಕಂಬಳಿಯ ಸಂದಿನಿಂದ ಬರುತ್ತಿದ್ದ ಬೆಳಕಿನ ಗೆರೆಗೂ ಕಣ್ಣು ಹಿಂಡಿಕೊಂಡ. ಸ್ವಲ್ಪ ಹೊತ್ತಿಗೆ ರೆಪ್ಪೆ ಎತ್ತುವುದೂ ನಿಂತಿತು. ಚಮಚದಲ್ಲಿ ನೀರು ಹಾಕಿದೆ. ಗಂಟಲು ಅಲುಗಲಿಲ್ಲ. ನೀರು ತುಟಿಯ ಮೂಲೆಯಿಂದ ಇಳಿದು ದಿಂಬು ಒದ್ದೆಯಾಯಿತು. "ಮಾತಾಡು" ಎಂದೆ. ತುಟಿ ಸ್ವಲ್ಪ ಕದಲಿತು, ಗಾಳಿ ಬಂತು, ಮಾತು ಬರಲಿಲ್ಲ.

ಹೊರಗೆ ಹೋಗಿ ಭಾವನ ಕೊರಳಪಟ್ಟಿ ಹಿಡಿದು, ಒಂದೇ ಕೈಯಲ್ಲಿ ಅವನನ್ನು ನೆಲದ ಮೇಲೆ ಎಳೆದುಕೊಂಡು ಬಂದೆ. ಅವನ ಮುಖವನ್ನು ಹಾಸಿಗೆಯ ಮಟ್ಟಕ್ಕೆ ತಂದೆ.

"ನೋಡಿ," ಎಂದೆ.

ಅವನು ನೋಡಿದ. ತಮ್ಮ ಬಿದ್ದಿದ್ದಾನೆ. ಬಿದ್ದವನನ್ನು ಕಂಡರೆ ಅವನಿಗೆ ತಿಳಿದಿದ್ದು ಒಂದೇ. "ಏಳೋ!" ಎಂದು ಅರಚಿದ. ಮಲಗಿದ್ದ ದೇಹ ಏಟು ಬಿದ್ದಂತೆ ಎಗರಿತು. "ಏಳೋ! ಏಳು!" ಅಂಗೈಯಿಂದ ನೆಲ ಬಡಿದ. ದೇಹ ಮತ್ತೆ ಎಗರಿತು, ಬಾಯಿಯ ಮೂಲೆಯಿಂದ ಎಂಜಲು ಬಂತು. ನಾನು ಅವನ ಬಾಯಿ ಮುಚ್ಚಲು ಕೈ ಚಾಚಿದೆ, ಆದರೆ ಅಷ್ಟರಲ್ಲಿ ಅವನೇ ಕೂಗು ನಿಲ್ಲಿಸಿದ್ದ. ಮೇಲೆತ್ತಿದ ಕೈ ಗಾಳಿಯಲ್ಲೇ ಇತ್ತು. ಏಟು ಬಿದ್ದ ದೇಹ ಹೇಗಿರುತ್ತದೆ ಎನ್ನುವುದು ಅವನಿಗೆ ಗೊತ್ತು. ಎಷ್ಟೋ ವರ್ಷ ಅದನ್ನೇ ನೋಡಿ ಬದುಕಿದವನು. ತಾನು ಕೂಗಿದ್ದಕ್ಕೂ ತಮ್ಮ ಎಗರಿದ್ದಕ್ಕೂ ಇದ್ದ ನಂಟು ಅವನಿಗೆ ಆಗ ಕಂಡಿತು.

ಅವನ ಗಂಟಲಿನಿಂದ ಅಳು ಹೊರಟಿತು. ದೊಡ್ಡ ಮನುಷ್ಯನ ದೊಡ್ಡ ಅಳು. ದೇಹ ಮತ್ತೆ ಎಗರಿತು. ನಾನು ಅವನ ಬಾಯಿಯನ್ನು ಅಂಗೈಯಿಂದ ಅದುಮಿ, ತಲೆಯನ್ನು ಗೋಡೆಗೆ ಒತ್ತಿ ಹಿಡಿದೆ.

"ಅಳೋದೂ ಬೇಡ," ಎಂದೆ ಅವನ ಕಿವಿಯಲ್ಲಿ. "ಅದೂ ಅವನಿಗೆ ಬೀಳುತ್ತೆ. ಹೊರಗೆ ಹೋಗಿ ಎಲ್ಲಾದ್ರೂ ಅತ್ಕೊಳ್ಳಿ, ಇಲ್ಲಿ ಬೇಡ."

ಅವನು ನನ್ನ ಅಂಗೈ ಕಚ್ಚಿದ. ಬೇಕೆಂದು ಕಚ್ಚಿದ್ದಲ್ಲ, ಸದ್ದು ತಡೆಯಲು. ಹಲ್ಲು ಚರ್ಮದೊಳಗೆ ಇಳಿಯಿತು. ನಾನು ಕೈ ತೆಗೆಯಲಿಲ್ಲ. ನನಗೆ ಅವನ ಮೇಲೆ ಒಂದು ಚೂರೂ ಕರುಣೆ ಬರಲಿಲ್ಲ.

ನೀರು ನುಂಗಲಾಗದ ಮೇಲೆ ಮನೆಯಲ್ಲಿಡುವ ಹಾಗಿರಲಿಲ್ಲ. ಆಂಬುಲೆನ್ಸಿಗೆ ಫೋನ್ ಮಾಡಿದೆ. ಸೈರನ್ ಹಾಕಬೇಡಿ ಎಂದೆ. "ನಿಮ್ಮ ಮೆಟ್ಟಿಲಲ್ಲಿ ಸ್ಟ್ರೆಚರ್ ತಿರುಗಲ್ಲ ಮೇಡಂ," ಎಂದಿತು ಆ ಕಡೆಯ ದನಿ, ಹೋದ ಸಲದ್ದು ನೆನಪಿತ್ತೋ ಏನೋ. "ಕೆಳಗೆ ಇಳಿಸಿಡಿ. ಹೋದ ಸಲದ ಗಾಡಿ ಇಲ್ಲ, ಬೇರೆ ಗಾಡಿಯವರನ್ನ ಕಳಿಸ್ತೀವಿ." ಹೋದ ಸಲ ನಾನೇ ಎರಡೂ ತೋಳಲ್ಲಿ ಅವನನ್ನು ಮಲಗಿಸಿಕೊಂಡು ಇಳಿದಿದ್ದೆ. ಈಗ ನನ್ನ ಎಡಗೈ ಊದಿ ಕೆಲಸಕ್ಕೆ ಬಾರದಾಗಿತ್ತು. ಕೂರಿಸಿಕೊಂಡು ಇಳಿಸೋಣವೆಂದರೆ, ಈ ಸ್ಥಿತಿಯಲ್ಲಿ ತಲೆ ಎತ್ತಿದರೆ ಅವನಿಗೆ ಪ್ರಜ್ಞೆ ತಪ್ಪುತ್ತದೆ. ಹೂವಿನ ಹಾಗೆ ಅವನನ್ನು ಎತ್ತಿಕೊಂಡು ಇಳಿಯಬಲ್ಲ ಇನ್ನೊಬ್ಬ ಮನುಷ್ಯ ಆ ಮನೆಯಲ್ಲಿ ಇದ್ದ. ಅವನ ಮೊಣಕಾಲು ಮುರಿದವಳು ನಾನೇ. ನಾನು ಗೆದ್ದೆ ಅಂತೀರಾ? ಆ ಹೊತ್ತು ನನ್ನ ತಲೆಯನ್ನು ಗೋಡೆಗೆ ಚಚ್ಚಿಕೊಳ್ಳಬೇಕು ಅನ್ನಿಸಿತು.

"ಬಾಗಿಲು ತೆಗಿ," ಎಂದ ಭಾವ. ಅವನು ಪಿಸುಗುಟ್ಟಿದ್ದನ್ನು ನಾನು ಕೇಳಿದ್ದು ಅದೇ ಮೊದಲು. "ನನ್ನ ಮೈಮೇಲೆ ಮಲಗ್ಸು ಅವನನ್ನ. ನಾನು ಕೂತ್ಕೊಂಡೇ ಇಳೀತೀನಿ."

ಸರಪಳಿ ಬಿಚ್ಚಿದೆ. ಅವನು ಮೊದಲ ಮೆಟ್ಟಿಲ ಮೇಲೆ ಕೂತು ಹಿಂದಕ್ಕೆ ವಾಲಿದ. ನಾನು ಮತ್ತು ಅತ್ತೆ ಹೊದಿಕೆಯ ಸಮೇತ ನನ್ನ ಗಂಡನನ್ನು ಎಳೆದು ತಂದು ಅವನ ಎದೆಯ ಮೇಲೆ ಒರಗಿಸಿ ಮಲಗಿಸಿದೆವು. ಭಾವ ಎರಡೂ ತೋಳು ಸುತ್ತಿ ಹಿಡಿದ. ಇಳಿಯತೊಡಗಿದ, ಕುಂಡಿಯ ಮೇಲೆ, ಒಂದೊಂದೇ ಮೆಟ್ಟಿಲು. ಕುಲುಕದಿರಬೇಕೆಂದರೆ ಕಾಲಿನಲ್ಲಿ ಭಾರ ತಡೆಯಬೇಕು. ಎರಡು ಕಾಲಿನಲ್ಲೂ ತಡೆಯಬೇಕು. ಮುರಿದ ಮೊಣಕಾಲು ಪ್ರತಿ ಮೆಟ್ಟಿಲಿಗೂ ಒಳಗೆ ಮಸೆಯುವುದು ನನಗೇ ಕೇಳಿಸುತ್ತಿತ್ತು. ಅವನ ಕುತ್ತಿಗೆಯ ನರ ಹಗ್ಗವಾಗಿತ್ತು, ಕೆಳದುಟಿಯ ಗಾಯವನ್ನು ಮತ್ತೆ ಕಚ್ಚಿ ರಕ್ತ ಗಲ್ಲದವರೆಗೆ ಬಂದಿತ್ತು. ಒಂದು ಸದ್ದೂ ಮಾಡಲಿಲ್ಲ. ನಾನು ಪಕ್ಕದಲ್ಲಿ ಗಂಡನ ತಲೆ ಅಲುಗದಂತೆ ಬಲಗೈ ಕೊಟ್ಟು ಇಳಿದೆ. ನಮ್ಮಿಬ್ಬರ ಮುಖ ಗೇಣು ದೂರದಲ್ಲಿತ್ತು. ಅವನನ್ನು ಕ್ಷಮಿಸಿದೆಯಾ ಎಂದರೆ, ಇಲ್ಲ. ಅವನೂ ನನ್ನನ್ನು ಕ್ಷಮಿಸಿರಲಿಲ್ಲ. ಅದಕ್ಕೆ ಆ ಮೆಟ್ಟಿಲಲ್ಲಿ ಜಾಗವೂ ಇರಲಿಲ್ಲ.

ಕೆಳಗೆ ತಲುಪಿದಾಗ ಬಾಗಿಲ ಹೊರಗೆ ಗಾಡಿ ನಿಂತಿತ್ತು. ಹಸಿರು ಅಂಗಿಯ ಸಹಾಯಕ ಒಳಗೆ ಬಂದು ನಮ್ಮನ್ನು ನೋಡಿ ಬೆಚ್ಚಿದ. ಹಲ್ಲು ಮುರಿದು ಮುಖ ಊದಿದ ಹೆಂಗಸು. ರಕ್ತದ ಬನಿಯನ್ನಿನ, ಕಾಲು ಕುಂಬಳದಷ್ಟು ಊದಿದ ಗಂಡಸು. ಅವನ ಎದೆಯ ಮೇಲೆ, ಮೈಮೇಲೆ ಒಂದು ಗೀರೂ ಇಲ್ಲದ, ನಿದ್ದೆ ಹೋದಂತಿದ್ದ ಇನ್ನೊಬ್ಬ.

"ಏನಿದು, ಹೊಡೆದಾಟಾನಾ?" ಎಂದ ಸಹಾಯಕ. ಮಂಡಿಯೂರಿ ನೇರ ಭಾವನ ಮೊಣಕಾಲಿಗೇ ಕೈ ಹಾಕಿದ. "ಮೊದ್ಲು ಇವರನ್ನ ಹಾಕೋಣ. ಇವರಿಗೇ ಜಾಸ್ತಿ ಪೆಟ್ಟಾಗಿರೋದು. ಅವರು ಸ್ವಲ್ಪ ಎದ್ದು ಪಕ್ಕಕ್ಕೆ ಕೂತ್ಕೊಳ್ಲಿ."

ಭಾವನ ಮುಷ್ಟಿ ಬಿಗಿಯಿತು. ಅದನ್ನು ನಾನು ನೋಡಿದೆ, ಹೊಡೆದೇಬಿಡುತ್ತಾನೆ ಎಂದುಕೊಂಡೆ. ಅವನು ಸಹಾಯಕನ ಮಣಿಕಟ್ಟು ಹಿಡಿದು, ತನ್ನ ಕಾಲಿನಿಂದ ಬಿಡಿಸಿ, ಆ ಕೈಯನ್ನು ತಮ್ಮನ ಎದೆಯ ಮೇಲೆ ಇಟ್ಟು ಅಲ್ಲೇ ಒತ್ತಿ ಹಿಡಿದ.

"ನಂಗೇನೂ ಆಗಿಲ್ಲ," ಎಂದು ಪಿಸುಗುಟ್ಟಿದ. "ಇವನು ಎದ್ದು ಕೂರಲ್ಲ. ಎಬ್ಬಿಸಕ್ಕೆ ಹೋಗಿ ಹೀಗೆ ಮಾಡಿದವನು ನಾನೇ."